ಅತ್ತೆಯ ಅಟ್ಟದ ಅಂಗನವಾಡಿ

ನಮ್ಮ ಸೋದರತ್ತೆಯ ಮುಂದೆ ಸಾಕ್ಷಾತ್ ಶಿವನೇ ಬಂದು ತಟ್ಟೆ ಹಿಡಿದು ನಿಂತರೂ ಅವರು ಮೊದಲು ಕೇಳುವ ಪ್ರಶ್ನೆ "ಯಾವ ಕ್ಲಾಸು?" ಅಂತಲೇ! ಆತ ಕೈಲಾಸದಿಂದ ಬಂದಿರುವುದಾಗಲಿ, ದಿನಾ ಬೆಳಿಗ್ಗೆ ಲಿಂಗವಾಗಿ ಇದೇ ಅತ್ತೆಯ ಅಂಗೈ ಮೇಲೆ ಕೂತು ಪೂಜೆ ಮಾಡಿಸಿಕೊಳ್ಳುವುದಾಗಲಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕ್ಲಾಸು ಹೇಳದಿದ್ದರೆ ಸಾರಿಲ್ಲ. ಚಿಕ್ಕ ಕ್ಲಾಸಿನವರು ಮುಂದೆ, ದೊಡ್ಡ ಕ್ಲಾಸಿನವರು ಹಿಂದೆ. ದೇವರಾದರೂ ಅಷ್ಟೆ, ಹೊಸ ಅಳಿಯನಾದರೂ ಅಷ್ಟೆ.

ಅತ್ತೆ ಗುಬ್ಬಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿ ಬಡಿಸಿದವರು. ಒಂದರಿಂದ ಏಳನೇ ಕ್ಲಾಸಿನವರೆಗೆ ನೂರಿಪ್ಪತ್ತು ಮಕ್ಕಳು. ಸೇರಿದ ಹೊಸತರಲ್ಲಿ ದೊಡ್ಡ ಹುಡುಗರು ನುಗ್ಗಿ ಬಂದು ಸಾಂಬಾರಿನ ತರಕಾರಿಯನ್ನೆಲ್ಲ ತೋಡಿಸಿಕೊಂಡು, ಚಿಕ್ಕವಕ್ಕೆ ಬರೀ ನೀರು ಉಳಿಸುತ್ತಿದ್ದರಂತೆ. ಅತ್ತೆ ಸೌಟು ಎತ್ತಿ ಒಂದು ಕಾನೂನು ತಂದರು. ಒಂದನೇ ಕ್ಲಾಸು ಮೊದಲು, ಏಳನೇ ಕ್ಲಾಸು ಕೊನೆಗೆ. ಈ ಕಾನೂನಿಗೆ ಅಲ್ಲಿಂದಾಚೆ ಒಂದು ತಿದ್ದುಪಡಿಯೂ ಆಗಲಿಲ್ಲ. ಎರಡು ವರ್ಷದ ಹಿಂದೆ ಅರವತ್ತಾಯಿತೆಂದು ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿ ಕಳಿಸಿಕೊಟ್ಟರು. ಕೆಲಸ ಅತ್ತೆಯನ್ನು ಬಿಟ್ಟಿತು. ಅತ್ತೆ ಕೆಲಸವನ್ನು ಬಿಡಬೇಕಲ್ಲ!

ಮನೆಯಲ್ಲಿರುವುದು ಅತ್ತೆ, ಮಾವ ಇಬ್ಬರೇ. ಮಕ್ಕಳಾಗಲಿಲ್ಲ. ಆದರೆ ಅತ್ತೆಯ ಕೈಯಳತೆಗೆ ಮಾತ್ರ ನಿವೃತ್ತಿಯಾಗಿಲ್ಲ. ಇಬ್ಬರಿಗೆ ಸಾಂಬಾರು ಮಾಡಲು ಕೂತರೆ ಅದು ಹೇಗೋ ಇಡೀ ಬೀದಿಗಾಗುತ್ತದೆ. "ಎಷ್ಟು ಕಮ್ಮಿ ಹಾಕಿದ್ರೂ ಅಷ್ಟೇ ಆಗ್ತದೆ ಕಣೇ, ನಾನೇನ್ ಮಾಡ್ಲಿ?" ಎನ್ನುತ್ತಾರೆ, ಬೇಳೆಯೇ ತಪ್ಪು ಮಾಡಿದಂತೆ. ಪಾಪ, ಮಾವ ಸೋಮವಾರದ ಸಾಂಬಾರನ್ನು ಗುರುವಾರದವರೆಗೂ ಉಣ್ಣುತ್ತಾರೆ. ಅದೂ ಸರದಿ ಬಂದರೆ! ಎಪ್ಪತ್ತಕ್ಕೆ ಹತ್ತಿರವಾದ ಮಾವನೇ ಆ ಮನೆಯ ಅತಿ ದೊಡ್ಡ ಕ್ಲಾಸು ತಾನೇ?

ಹೆಬ್ಬೂರಿನಲ್ಲಿ ನಮ್ಮ ಸಂಬಂಧದವರ ಮದುವೆಯೊಂದರಲ್ಲಿ ಬಡಿಸುವವರು ಸಾಲದು ಅಂತ ಯಾರೋ ಪುಣ್ಯಾತ್ಮರು ಅತ್ತೆಯ ಕೈಗೆ ಪಾಯಸದ ಬಕೆಟ್ ಕೊಟ್ಟುಬಿಟ್ಟರು. ಅತ್ತೆ ಪಂಕ್ತಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು. ಅಷ್ಟೇ! ಎರಡೇ ನಿಮಿಷದಲ್ಲಿ ಕೂತವರನ್ನೆಲ್ಲ ಎಬ್ಬಿಸಿ, ಎತ್ತರದ ಪ್ರಕಾರ ಕೂರಿಸಿದರು. ಗಂಡಿನ ಸೋದರಮಾವ ಆರಡಿ ಎರಡಂಗುಲದ ಆಳು. ಆತನ ಎಲೆಯ ಹತ್ತಿರ ಬರುವ ಹೊತ್ತಿಗೆ ಬಕೆಟ್ಟಿನಲ್ಲಿ ಉಳಿದದ್ದು ಎರಡು ದ್ರಾಕ್ಷಿ. "ನಾವು ಗಂಡಿನ ಕಡೆಯೋರು ಕಣ್ರೀ!" ಅಂತ ಆತ ಗುಡುಗಿದರೆ ಅತ್ತೆ ಸೌಟು ಸೊಂಟಕ್ಕೆ ಆನಿಸಿಕೊಂಡು, "ದೊಡ್ಡೋನಾಗಿ ನಾಚ್ಕೆ ಆಗಲ್ವಾ? ಮಕ್ಳು ಉಂಡ್ಮೇಲೆ ಕೊಡ್ತೀನಿ, ಕೈ ಕಟ್ಕೊಂಡು ಕೂತ್ಕೋ" ಅಂದರು. ಆತ ನಿಜವಾಗಿಯೂ ಕೈ ಕಟ್ಟಿಕೊಂಡು ಕೂತ!

ಇನ್ನು ನನ್ನ ವಿಷಯ. ನಾನಿರುವುದು ತುಮಕೂರಿನಲ್ಲಿ, ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಶಾಲೆ ಬಿಟ್ಟ ಮೇಲೆ ಅತ್ತೆಯ ಮನೆಗೆ ಹೋಗಿ ಕಾಫಿ ಕುಡಿದು, ಸಂಜೆಯ ರೈಲು ಹಿಡಿದು ಊರಿಗೆ ಹೋಗುವುದು ವಾಡಿಕೆ. ನನ್ನ ಎತ್ತರ ನೋಡಿ ಅತ್ತೆ ನನ್ನನ್ನು ಐದನೇ ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ. ನನ್ನ ವಿದ್ಯಾರ್ಥಿಗಳೇನಾದರೂ ಜೊತೆಗೆ ಬಂದರೆ ಅವರು ನನಗಿಂತ ಹಿಂದೆ ನಿಲ್ಲಬೇಕು. ಅದೊಂದೇ ಸಮಾಧಾನ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಗತಿ ನಡೆಯಿತು. ಮಾವನಿಗೆ ಮನೆಯ ಹಿಂದೆ ಒಂದು ಕೊಬ್ಬರಿ ಅಟ್ಟವಿದೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅದರ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಅಕ್ಕಪಕ್ಕದ ಅಟ್ಟಗಳಿಗೆ ಕಳ್ಳರು ಬಿದ್ದರೆಂದು ಮಾವ ಹೆದರಿ, ಕತ್ತಲಲ್ಲೂ ಕಾಣುವಂಥ ಒಂದು ಕ್ಯಾಮೆರಾ ಹಾಕಿಸಿದರು. ರಾತ್ರಿ ನಡೆದದ್ದನ್ನು ಬೆಳಿಗ್ಗೆ ಮೊಬೈಲಿನಲ್ಲಿ ನೋಡಬಹುದು. ಮೊದಲ ಬೆಳಿಗ್ಗೆಯೇ ಮಾವ ಕಾಫಿ ಲೋಟ ಕೆಳಗೆ ಹಾಕಿ, "ದೆವ್ವ! ಐದು ದೆವ್ವ!" ಅಂತ ಕೂಗಿಕೊಂಡರು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. ಬಿಳೀ ಮುಖ, ಕಪ್ಪು ಕಣ್ಣು, ಒಂದೇ ಸಮ ತಲೆಯಾಡಿಸುತ್ತಿರುವ ಐದು ಜೀವಗಳು ಕಾಯಿರಾಶಿಯ ಹಿಂದೆ ಸಾಲಾಗಿ ನಿಂತಿದ್ದವು.

"ದೆವ್ವ ಅಲ್ಲಾರೀ," ಅಂದರು ಅತ್ತೆ. "ಮಕ್ಳು."

ಕಣಜ ಗೂಬೆಯ ಮರಿಗಳು! ಮಾವನಿಗೆ ದೆವ್ವವೇ ವಾಸಿ ಅನ್ನಿಸಿತು. "ಗೂಬೆ ಹೊಕ್ಕ ಮನೇಲಿ ಇರ್ಬಾರ್ದು ಕಣೇ. ಮೂರು ತಿಂಗಳಾದ್ರೂ ಬೀಗ ಹಾಕ್ಬೇಕು. ಶಾಂತಿ ಮಾಡಿಸ್ಬೇಕು" ಅಂತ ಹಟ ಹಿಡಿದರು. ಅತ್ತೆ ಬೀಗ ತಂದು ಅವರ ಕೈಗೇ ಕೊಟ್ಟು, "ಹಾಕಿ. ನೀವು ಆಚೆ ನಿಂತ್ಕೊಂಡು ಹಾಕಿ. ನಾನು ಮಕ್ಳು ಒಳಗಿರ್ತೀವಿ" ಅಂದರು. ಶಾಂತಿ ಅಲ್ಲಿಗೇ ಆಗಿಹೋಯಿತು.

ಸಂಜೆ ನಾನು ಹೋದಾಗ ಅತ್ತೆ ಮೊಬೈಲು ಹಿಡಿದು ಕಾಯುತ್ತಿದ್ದರು. ಐದು ಮರಿಗಳು ಒಂದೊಂದು ಒಂದೊಂದು ಅಳತೆ. ತಾಯಿಗೂಬೆ ಎರಡೆರಡು ದಿನ ಬಿಟ್ಟು ಒಂದೊಂದು ಮೊಟ್ಟೆ ಇಡುತ್ತದೆ, ಮೊದಲನೆಯದರಿಂದಲೇ ಕಾವು ಕೂರುತ್ತದೆ. ಹಾಗಾಗಿ ಮರಿಗಳೂ ಮುಂದೆ ಹಿಂದೆ ಹುಟ್ಟಿ ಮೆಟ್ಟಿಲ ಹಾಗೆ ನಿಲ್ಲುತ್ತವೆ ಅಂತ ನಾನು ವಿವರಿಸಿದೆ. ಅತ್ತೆಗೆ ವಿವರಣೆ ಬೇಕಿರಲಿಲ್ಲ. ಅಷ್ಟು ಹೊತ್ತಿಗೆ ಹಾಜರಾತಿ ಮುಗಿದಿತ್ತು. "ಇದು ಏಳನೇ ಕ್ಲಾಸು. ಇದು ಐದು. ಇದು ಮೂರು. ಇದು ಒಂದು." ಕೊನೆಯಲ್ಲಿ ಒಂದಿತ್ತು. ಅಂಗೈಯಷ್ಟು ಹತ್ತಿಯುಂಡೆಗೆ ಮೂಗು ಅಂಟಿಸಿದ ಹಾಗೆ. ಕಾಲು ಕಾಲಿಗೆ ತೊಡರಿಕೊಂಡು ಬೀಳುತ್ತಿತ್ತು. ಅತ್ತೆಯ ದನಿ ಮೆತ್ತಗಾಯಿತು. "ಇದಕ್ಕೆ ಇನ್ನೂ ಸ್ಕೂಲೇ ಇಲ್ಲ ಕಣೇ. ಅಂಗನವಾಡಿ."

ಮಾರನೆಯ ದಿನ ಅತ್ತೆ ಊಟದ ವಿಡಿಯೋ ನೋಡಿದರು. ನೋಡಬಾರದಿತ್ತು! ತಾಯಿಗೂಬೆ ಇಲಿ ಹಿಡಿದು ತಂದು ಅಟ್ಟದ ಕಿಂಡಿಯಲ್ಲಿ ಕೂತ ತಕ್ಷಣ ಐದೂ ಕುಕ್ಕರಿನ ಹಾಗೆ ಬುಸುಗುಟ್ಟುತ್ತವೆ. ಯಾರ ಬುಸು ಜೋರೋ ಅವರ ಬಾಯಿಗೆ ಇಲಿ. ಏಳನೇ ಕ್ಲಾಸು ರೆಕ್ಕೆ ಅಗಲಿಸಿಕೊಂಡು ಮುಂದೆ ನಿಂತರೆ ಹಿಂದಿನವರಿಗೆ ತಾಯಿ ಇರಲಿ, ಕಿಂಡಿಯೂ ಕಾಣದು. ಅಂಗನವಾಡಿ ಇತ್ತ ಬಂದರೆ ಐದನೇ ಕ್ಲಾಸು ತಳ್ಳುತ್ತದೆ, ಅತ್ತ ಹೋದರೆ ಮೂರನೇ ಕ್ಲಾಸು ಮೆಟ್ಟುತ್ತದೆ. ರಾತ್ರಿಯೆಲ್ಲ ಬಂದ ಆರು ಇಲಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಬಾಲ.

"ಬಾಯಿದ್ದೋನು ಬರದಲ್ಲೂ ಬದುಕ್ದ ಅಂತ ಸುಮ್ನೆ ಹೇಳ್ತಾರಾ?" ಅಂದರು ಮಾವ. "ಹುಟ್ತಾ ಅಣ್ಣತಮ್ಮಂದ್ರು, ಬೆಳೀತಾ ದಾಯಾದಿಗಳು."

"ನನ್ನ ಅಟ್ಟದ ಮೇಲೆ ಆ ಗಾದೆ ನಡೆಯಲ್ಲ!" ಅಂತ ಅತ್ತೆ ಸೆರಗು ಸಿಗಿಸಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ವಿಜ್ಞಾನದವರಿಗೆ ಇರುವ ರೋಗ ಇದು. ಕೇಳಿದರೆ ಸತ್ಯ ಹೇಳಿಬಿಡುತ್ತೇವೆ. ಕಾಡಿನಲ್ಲಾಗಲಿ ಅಟ್ಟದಲ್ಲಾಗಲಿ ಕಡೇ ಮರಿ ಬದುಕುವುದು ಕಷ್ಟ, ಬೇಟೆ ಕಮ್ಮಿಯಾದ ವರ್ಷ ಅದೇ ಮೊದಲು ಹೋಗುವುದು, ಸತ್ತರೆ ಒಡಹುಟ್ಟಿದವೇ ಅದನ್ನು ತಿಂದುಬಿಡುವುದೂ ಉಂಟು ಅಂದೆ. ಅತ್ತೆ ನನ್ನ ಮುಂದಿದ್ದ ಕಾಫಿ ಲೋಟವನ್ನು ವಾಪಸು ತೆಗೆದುಕೊಂಡರು.

"ತಿಂತಾವಾ? ಸ್ವಂತ ತಮ್ಮನ್ನ? ಇಂಥಾದ್ದೆಲ್ಲ ಪಾಠ ಮಾಡ್ತೀಯೇನೇ ಮಕ್ಳಿಗೆ? ನಿಂಗೆ ಸರ್ಕಾರ ಸಂಬಳ ಬೇರೆ ಕೊಡ್ತದೆ!" ಆಮೇಲೆ ಲೋಟವನ್ನು ಒಳಗಿಟ್ಟು ಬಂದು ಹೇಳಿದರು. "ಅಷ್ಟು ವರ್ಷದಲ್ಲಿ ನನ್ನ ಪಂಕ್ತೀಲಿ ಒಂದು ಮಗು ಹಸ್ಕೊಂಡು ಎದ್ದಿಲ್ಲ. ಇದೂ ಏಳ್ಬಾರ್ದು. ಅಂಗನವಾಡಿ ಬದುಕ್ಬೇಕು, ಅಷ್ಟೇ."

ಅಂದೇ ಸಂಜೆ, ಇನ್ನೂ ಬೆಳಕಿರುವಾಗಲೇ, ಅತ್ತೆ ಅಟ್ಟಕ್ಕೆ ಏಣಿ ಹಾಕಿದರು. ಕೈಯಲ್ಲಿ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಮೆತ್ತಗೆ ಕಲಸಿದ ಅನ್ನ ಸಾರು, ಮೇಲೊಂದು ಮಿಳ್ಳೆ ತುಪ್ಪ. ಗೂಬೆ ಅನ್ನ ತಿನ್ನುವುದಿಲ್ಲ ಅಂದೆ. "ಎಲ್ಲವೂ ಮೊದಲ ದಿನ ಹಂಗೇ ಅಂತಾವೆ" ಅಂದರು. ಮೇಲೆ ಹೋಗಿ ಸೌಟಿನಿಂದ ತಟ್ಟೆ ಬಡಿದರು. "ಸಾಲಾಗಿ! ಸಾಲಾಗಿ! ಅಂಗನವಾಡಿ ಮುಂದೆ ಬಾ! ಏಳನೇ ಕ್ಲಾಸು, ಹಿಂದಕ್ಕೆ ಹೋಗ್ತೀಯೋ ಇಲ್ವೋ?" ಐದೂ ಮರಿಗಳು ಒಟ್ಟಿಗೆ ಬುಸ್ಸೆಂದವು. ಆ ಗಲಾಟೆಗೆ ತಾಯಿಗೂಬೆ ಎಲ್ಲಿತ್ತೋ, ಸದ್ದಿಲ್ಲದೆ ಬಂದು ಅತ್ತೆಯ ನೆತ್ತಿಯ ಮೇಲೆ ಹಾದುಹೋಯಿತು. ಅತ್ತೆ "ಶಿವಾ!" ಅಂತ ಏಣಿ ತಬ್ಬಿಕೊಂಡು ಇಳಿದರು. ತುರುಬು ಮುಟ್ಟಿ ನೋಡಿಕೊಂಡರೆ ತುರುಬೇ ಇಲ್ಲ! ಕೂದಲಿಗೆ ಸೇರಿಸಿ ಕಟ್ಟಿದ್ದ ಚೌರಿಯನ್ನು ಗೂಬೆ ಎತ್ತಿಕೊಂಡು ಹೋಗಿತ್ತು.

ಮಾರನೆಯ ಸಂಜೆ ನಾನು ಹೋದಾಗ ವಿಡಿಯೋದಲ್ಲಿ ಚೌರಿಯ ಕಥೆ ಪೂರ್ತಿ ನೋಡಿದೆವು. ತಾಯಿ ಅದನ್ನು ದೊಡ್ಡ ಇಲಿ ಅಂತಲೇ ತಿಳಿದಿರಬೇಕು. ಏಳನೇ ಕ್ಲಾಸಿನ ಮುಂದೆ ಇಟ್ಟಿತು. ಅದು ಅರ್ಧ ಗಂಟೆ ನುಂಗಲು ನೋಡಿ, ಅರ್ಧ ಚೌರಿ ಬಾಯೊಳಗೆ, ಅರ್ಧ ಆಚೆ, ಗಡ್ಡ ಬಿಟ್ಟ ಸ್ವಾಮಿಗಳ ಹಾಗೆ ಕೂತಿತ್ತು. ಮಾವ ನಕ್ಕು ನಕ್ಕು ಕೆಮ್ಮಿದರು. ಅತ್ತೆ ನಗಲಿಲ್ಲ. ಚೌರಿ ಹೋಯಿತೆಂಬ ದುಃಖವೋ ಅಂದುಕೊಂಡೆ. ಇಲ್ಲ.

"ನೋಡ್ದಾ ಅದರ ಬುದ್ಧೀನ?" ಅಂದರು. "ಅಂಗನವಾಡಿಗೆ ಒಂದೆಳೆ ಕೂದ್ಲಾದ್ರೂ ಕೊಡ್ತಾ?"

ಮರುದಿನದಿಂದ ಅತ್ತೆ ತಲೆಗೆ ಅಲ್ಯೂಮಿನಿಯಂ ತಪ್ಪಲೆ ಕವುಚಿಕೊಂಡು ಏಣಿ ಹತ್ತತೊಡಗಿದರು. ಅನ್ನಕ್ಕೆ ಇರುವೆ ಬಂತು, ಗೂಬೆ ಬರಲಿಲ್ಲ. ಆಮೇಲೆ ಮೊಟ್ಟೆಯ ಯೋಚನೆ ಬಂತು. ನಮ್ಮದು ಈರುಳ್ಳಿ ಹೆಚ್ಚುವಾಗಲೂ ಒಂದು ಸಲ ಯೋಚಿಸುವ ಮನೆ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರುವಾದಾಗ ಅತ್ತೆ ಕಣ್ಣು ಮುಚ್ಚಿ, ಪಂಚಾಕ್ಷರಿ ಹೇಳಿಕೊಂಡು ಸಿಪ್ಪೆ ಸುಲಿಯುತ್ತಿದ್ದರಂತೆ. ಒಂದು ಮೊಟ್ಟೆಗೆ ಹನ್ನೊಂದು ಸಲ. ಹಾಗೆಯೇ ಒಂದು ಮೊಟ್ಟೆ ಬೇಯಿಸಿ ಅಟ್ಟದ ಮೇಲಿಟ್ಟರು. ಅದನ್ನೂ ಯಾರೂ ಮೂಸಲಿಲ್ಲ. ಅತ್ತೆ ಕೈಚೆಲ್ಲಿದರೇ? ಉಹುಂ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಬೇಕೆಂದು ನಿಯಮವಿದೆಯಲ್ಲ! ಬಾಳೆಹಣ್ಣು ಇಟ್ಟು ಬಂದರು. ಆ ರಾತ್ರಿ ಏಳನೇ ಕ್ಲಾಸು ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದದ್ದೊಂದೇ ಲಾಭ.

ಅಷ್ಟರಲ್ಲಿ ಅಂಗನವಾಡಿ ಸೊರಗತೊಡಗಿತ್ತು. ಮೊದಲು ಬಿದ್ದರೆ ಎದ್ದು ಮತ್ತೆ ನುಗ್ಗುತ್ತಿದ್ದದ್ದು ಈಗ ಮೂಲೆಯಲ್ಲೇ ಕೂರುತ್ತಿತ್ತು. ವಿಡಿಯೋದಲ್ಲಿ ಅದು ಕಣ್ಣು ಮುಚ್ಚಿದರೆ ಅತ್ತೆ ಮೊಬೈಲು ಅಲ್ಲಾಡಿಸುತ್ತಿದ್ದರು, ಏಳಲಿ ಅಂತ. ಬರುವ ಇಲಿಗಳೂ ಕಮ್ಮಿಯಾಗಿದ್ದವು. ತಾಯಿಗೂಬೆ ನಮ್ಮ ಅಟ್ಟ, ಅಕ್ಕಪಕ್ಕದ ಅಟ್ಟ ಎಲ್ಲ ಗುಡಿಸಿ ಹಾಕಿತ್ತು. ಬೀದಿಯಲ್ಲಿ ಒಂದು ಇಲಿ ಇರಲಿಲ್ಲ. ಅತ್ತೆ ಕೊನೆಗೆ ಕುಣಿಗಲ್ಲಿನ ಹತ್ತಿರದ ಹಳ್ಳಿಯಲ್ಲಿರುವ ತಮ್ಮನಿಗೆ, ಅಂದರೆ ನಮ್ಮಪ್ಪನಿಗೆ, ಫೋನು ಹಚ್ಚಿದರು.

"ಏನ್ಲಾ, ನಿಮ್ಮನೇಲಿ ರಾಗಿ ಮೂಟೆ ಹತ್ರ ಇಲಿ ಇದಾವಾ?"

"ಇರ್ದೇ ಏನಕ್ಕಾ. ಯಾಕೆ?"

"ಒಂದು ಕಳ್ಸು."

"ಅಕ್ಕಾ, ಹೋಳಿಗೆ ಕೇಳು, ಅವರೇಕಾಯಿ ಕೇಳು. ಇಲಿ ಕೇಳ್ತೀಯಲ್ಲೇ!"

"ನಿನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೀನಿ ಕಣ್ಲಾ. ಒಂದು ಇಲಿ ಕೊಡಾಕೆ ಆಗಲ್ವಾ ನಿಂಗೆ?"

ಅಂದೇ ರಾತ್ರಿ ಅಪ್ಪ ಕೊಬ್ಬರಿ ಚೂರು ಸಿಗಿಸಿ ಬೋನು ಇಟ್ಟರು. ಬಿದ್ದ ಇಲಿಯನ್ನು ಬೋನಿನ ಸಮೇತ ಬಟ್ಟೆ ಚೀಲದಲ್ಲಿ ಹಾಕಿ, ಹೊಲಿದು, ಬೆಳಗಿನ ಪ್ರೈವೇಟ್ ಬಸ್ಸಿನ ಕಂಡಕ್ಟರಿಗೆ "ಔಷಧಿ, ತುಮಕೂರಲ್ಲಿ ಮಗಳು ತಗೋತಾಳೆ" ಅಂತ ಕೊಟ್ಟು ಕಳಿಸಿದರು. ನಾನು ಸ್ಟಾಂಡಿನಲ್ಲಿ ಕಾಯುತ್ತಿದ್ದೆ. ಕಂಡಕ್ಟರ್ ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು ಇಳಿದ.

"ಮೇಡಂ, ನಿಮ್ಮ ಔಷಧಿ ಹೆಬ್ಬೂರಿಂದ ಕಿರುಚ್ತಾ ಐತೆ!"

ಚೀಲ ಹಿಡಿದು ಗುಬ್ಬಿಯ ರೈಲು ಹತ್ತಿದೆ. ನನ್ನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದುರಿಗೇ ಕೂತಿದ್ದಳು. ಚೀಲ ಮಿಸುಕುವುದನ್ನು ಸ್ವಲ್ಪ ಹೊತ್ತು ನೋಡಿ, "ಮೇಡಂ, ಪ್ರಾಕ್ಟಿಕಲ್ಲಾ?" ಅಂದಳು. ಹೂಂ ಅಂದೆ. "ಎಕ್ಸಾಮಿಗೆ ಬರ್ತದಾ?" ಅಂದಳು. ಈಗಿನ ಮಕ್ಕಳಿಗೆ ಜೀವನದಲ್ಲಿ ಬೇರೆ ಪ್ರಶ್ನೆಯೇ ಇಲ್ಲ!

ಅವತ್ತು ಭಾನುವಾರವಲ್ಲ, ಶಾಲೆಗೆ ಹೋಗಬೇಕು. ಅತ್ತೆಯ ಮನೆಗೆ ಓಡಿ ಬೋನು ಒಪ್ಪಿಸಿ ಹೋದೆ. ಸಂಜೆ ಬಂದು ನೋಡಿದರೆ ಬೋನು ಪಡಸಾಲೆಯ ಮಧ್ಯದಲ್ಲಿದೆ. ಒಂದು ಕಡೆ ಅತ್ತೆ, ಇನ್ನೊಂದು ಕಡೆ ಮಾವ. ಬೋನಿನೊಳಗೆ ಕುಣಿಗಲ್ ಇಲಿ ಮುಂಗಾಲಲ್ಲಿ ಏನನ್ನೋ ಹಿಡಿದು ಮೆಲ್ಲುತ್ತಿದೆ. ನಾವು ಮೂವರೂ ಮರೆತಿದ್ದ ಒಂದು ಸಣ್ಣ ವಿಷಯವಿತ್ತು. ಇಲಿ ಜೀವಂತವಾಗಿದೆ. ಅದನ್ನು ಕೊಲ್ಲುವವರು ಯಾರು?

"ನೀನು ಸೈನ್ಸ್ ಟೀಚರು," ಅಂದರು ಮಾವ. ನಾನು ಪುಸ್ತಕದ ಸೈನ್ಸ್ ಅಂದೆ. ಮಾವನಿಗೆ ಮೊಣಕಾಲು ನೋವು. ಇಲಿ ಕೊಲ್ಲುವುದಕ್ಕೂ ಮೊಣಕಾಲಿಗೂ ಏನು ಸಂಬಂಧ ಅಂತ ಕೇಳಬೇಡಿ, ಅವರು ಹೇಳಲಿಲ್ಲ. ಅತ್ತೆ ಹಣೆಯ ವಿಭೂತಿ ಮುಟ್ಟಿಕೊಂಡು, "ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ ಕಣೇ, ಬಸ್ಸಲ್ಲಿ ಬಂದಿದೆ ಪಾಪ. ಅದಕ್ಕೇ ಸ್ವಲ್ಪ ಕಡಲೆಬೀಜ, ಬೆಲ್ಲ ಹಾಕ್ದೆ" ಅಂದರು. ಗೂಬೆಗೆ ಊಟವಾಗಲು ಬಂದದ್ದಕ್ಕೇ ಊಟ ಬಡಿಸಿದ್ದರು!

"ಅತ್ತೆ, ಅಂಗನವಾಡಿ ಬದುಕಬೇಕಲ್ವಾ?"

ಅತ್ತೆಯ ಮುಖ ನೋಡಲಾಗಲಿಲ್ಲ. ಅಟ್ಟದ ಕಡೆಗೊಮ್ಮೆ, ಬೋನಿನ ಕಡೆಗೊಮ್ಮೆ ನೋಡಿದರು. ಕೊನೆಗೆ ಬೋನು ಎತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋಗಿ ಬಾಗಿಲು ತೆಗೆದರು. "ನನ್ನ ಕೈಲಿ ಆಗಲ್ಲ. ಇದರ ಹಣೇಲಿ ಬರ್ದಿದ್ರೆ ತಾಯಿ ಹಿಡೀಲಿ. ಬರೀದಿದ್ರೆ ಬದುಕ್ಕೊಳ್ಳಲಿ ಬುಡು." ಇಲಿ ಒಂದೇ ನೆಗೆತಕ್ಕೆ ಹುಲ್ಲು ಮೆದೆಯ ಕೆಳಗೆ ಹೋಯಿತು. ಕುಣಿಗಲ್ಲಿನಿಂದ ಹೊತ್ತು ತಂದ ಅಷ್ಟೂ ಶ್ರಮ ಅದರ ಹಿಂದೆಯೇ ಹೋಯಿತು. ಅತ್ತೆ ಆ ಸಂಜೆ ಯಾರಿಗೂ ಕಾಫಿ ಮಾಡಲಿಲ್ಲ. ನಾಳೆ ವಿಡಿಯೋ ನೋಡಲು ತಮಗೆ ಧೈರ್ಯವಿಲ್ಲ, ನೀನೇ ಮೊದಲು ಬಂದು ನೋಡಿ ಹೇಳು ಅಂದರು.

ಮರುದಿನ ಮುಂಚಿನ ರೈಲಿಗೇ ಬಂದೆ. ಅತ್ತೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಕೂತರು. ನಾನು ನೋಡುತ್ತಾ ಹೋದೆ. ಒಂದು ಇಲಿ ಬಂತು, ಏಳನೇ ಕ್ಲಾಸು ನುಂಗಿತು. ಇನ್ನೊಂದು ಬಂತು, ಐದನೆಯದು ಕಿತ್ತುಕೊಂಡಿತು. ಮತ್ತೊಂದು ಬಂತು, ದೊಡ್ಡದು, ಕೊಬ್ಬಿದ್ದು. ಮಾವ ಹೆಗಲ ಮೇಲಿಂದ ಬಗ್ಗಿ, "ಅದೇ ಕಣಮ್ಮಾ, ನಿಮ್ಮ ಕುಣಿಗಲ್ಲಿಂದು! ಬೆಲ್ಲ ತಿಂದ ಮೈ!" ಅಂದರು. ಅದನ್ನೂ ಏಳನೇ ಕ್ಲಾಸೇ ರೆಕ್ಕೆ ಬಿಚ್ಚಿ ಕಿತ್ತುಕೊಂಡಿತು. ಬಾಯಲ್ಲಿ ಕಚ್ಚಿಕೊಂಡು ತಿರುಗಿತು. ಉಳಿದವು ಅಡ್ಡ ಬಂದರೆ ಭುಜದಲ್ಲಿ ನೂಕಿತು. ಕಾಯಿರಾಶಿ ದಾಟಿ, ತಟ್ಟಾಡುತ್ತಾ ಮೂಲೆಗೆ ಹೋಯಿತು. ಮೂಲೆಯಲ್ಲಿ ಅಂಗನವಾಡಿ ಕಣ್ಣು ಮುಚ್ಚಿಕೊಂಡು ಕೂತಿತ್ತು. ಏಳನೇ ಕ್ಲಾಸು ತಲೆ ಬಗ್ಗಿಸಿ, ಇಲಿಯನ್ನು ಅದರ ಕೊಕ್ಕಿಗೆ ಹಿಡಿಯಿತು. ಅದು ತೆಗೆದುಕೊಳ್ಳುವವರೆಗೂ ಹಾಗೆಯೇ ನಿಂತಿತ್ತು.

"ಅತ್ತೆ!" ಅಂತ ಕಿರುಚಿದೆ.

ಅತ್ತೆ ಅದನ್ನು ಒಂಬತ್ತು ಸಲ ನೋಡಿದರು. ಪುಸ್ತಕ ಹುಡುಕಿ ನೋಡಿದರೆ ಅದೂ ಇತ್ತು. ಈ ಜಾತಿಯಲ್ಲಿ ಹೊಟ್ಟೆ ತುಂಬಿದ ದೊಡ್ಡ ಮರಿಗಳು ಒಮ್ಮೊಮ್ಮೆ ಚಿಕ್ಕವಕ್ಕೆ ಉಣಿಸುವುದುಂಟಂತೆ. ಅತ್ತೆಗೆ ಓದಿ ಹೇಳಿದೆ. "ಇದನ್ನ ಪಾಠ ಮಾಡೋದು ಬಿಟ್ಟು ತಿಂತಾವೆ ಅಂತೀಯಲ್ಲೇ!" ಅಂತ ಬೈದು, ಎರಡು ಲೋಟ ಕಾಫಿ ಕೊಟ್ಟರು. ಆಮೇಲೆ ತಪ್ಪಲೆ ಕವುಚಿಕೊಂಡು ಏಣಿ ಹತ್ತಿ, ಏಳನೇ ಕ್ಲಾಸಿನ ಮುಂದೆ ಕೈ ಮುಗಿದು ನಿಂತರು. "ತಪ್ಪಾಯ್ತು ಕಣಪ್ಪಾ. ನಿನ್ನ ಮೇಲೆ ಸುಮ್ಮಸುಮ್ನೆ ಗೂಬೆ ಕೂರಿಸ್ಬಿಟ್ಟೆ."

"ಗೂಬೆ ಮೇಲೇ ಗೂಬೆ ಕೂರಿಸಿದ ಮೊದಲನೇ ಹೆಂಗಸು ನೀನು, ಇಳಿಯೇ ಕೆಳಗೆ!" ಅಂದರು ಮಾವ, ಏಣಿ ಹಿಡಿದುಕೊಂಡು.

ಹೊಟ್ಟೆ ತುಂಬಿದರೆ ತಾನೇ ದೊಡ್ಡದು ಕೊಡುವುದು? ಅತ್ತೆಗೆ ಅಷ್ಟು ತಿಳಿದದ್ದೇ ಸಾಕಾಯಿತು. ಕೊಲ್ಲುವುದು ಬೇಡ, ಬಡಿಸಿದರಾಯಿತು! ಅಂದಿನಿಂದ ಕೊಟ್ಟಿಗೆಯ ಹಿಂದೆ ದಿನಾ ಸಂಜೆ ಉಳಿದ ಅನ್ನ, ರಾಗಿ, ಕಡಲೆಬೀಜ ಬೀಳತೊಡಗಿತು. ಇಲಿಗಳಿಗೆ ಬಿಸಿಯೂಟ! ಉಳಿಯುವ ಅನ್ನಕ್ಕೆ ಆ ಮನೆಯಲ್ಲಿ ಬರವೇ? ವಾರದೊಳಗೆ ಎಲ್ಲೆಲ್ಲಿಯ ಇಲಿಗಳೋ ಬಂದು ಸೇರಿದವು. ಪಕ್ಕದ ಮನೆಯಾಕೆ ಜಗಳಕ್ಕೆ ಬಂದರೆ ಅತ್ತೆ, "ನಾನು ಬರೀ ಅನ್ನ ಹಾಕ್ತೀನಮ್ಮ. ಮಿಕ್ಕಿದ್ದು ಶಿವನಿಗೆ ಬಿಟ್ಟಿದ್ದು" ಅಂದರು. ಶಿವ ಆ ಕೆಲಸವನ್ನು ತಾಯಿಗೂಬೆಗೆ ವಹಿಸಿದ. ಅಂಗನವಾಡಿ ಎದ್ದು ಕೂತಿತು, ಬುಸುಗುಟ್ಟಿತು, ಒಂದು ದಿನ ಐದನೇ ಕ್ಲಾಸಿನ ಬಾಯಿಂದಲೇ ಇಲಿ ಕಿತ್ತುಕೊಂಡಿತು. ಅತ್ತೆ ಅವತ್ತು ಬೀದಿಗೆಲ್ಲ ಪಾಯಸ ಹಂಚಿದರು, ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ನಾಲ್ಕೂ ಒಂದೊಂದಾಗಿ ಹಾರಿಹೋದವು. ಅಂಗನವಾಡಿ ಮಾತ್ರ ಕಿಂಡಿಯ ಅಂಚಿನಲ್ಲಿ ಬಂದು ಕೂತು, ರೆಕ್ಕೆ ಬಿಚ್ಚಿ, ಕೆಳಗೆ ನೋಡಿ, ಹೆದರಿ ಒಳಗೆ ಹೋಗುತ್ತಿತ್ತು. ಹೀಗೆ ಮೂರು ಸಂಜೆ. ಕೆಳಗೆ ಬಿದ್ದರೆ ನಾಯಿಗಳು ಬಿಡುವುದಿಲ್ಲ ಅಂತ ಅತ್ತೆ ಕಲ್ಲುಹಾಸಿನ ಮೇಲೆ ಕೋಲು ಹಿಡಿದು ಕಾವಲು ಕೂತರು. ನಾನೂ ಪಕ್ಕದಲ್ಲಿ ಕೂತೆ. ನಾಲ್ಕನೇ ಸಂಜೆ, ಹೊತ್ತು ಮುಳುಗಿ ಆಕಾಶ ಇನ್ನೂ ಬೆಳ್ಳಗಿರುವಾಗ, ಅದು ಹಾರಿತು. ಹಾರಿತು ಅನ್ನುವುದಕ್ಕಿಂತ ಬಿತ್ತು. ಕೊಟ್ಟಿಗೆಯ ಹೆಂಚಿನ ಮೇಲೆ ಪಟಪಟ ಬಡಿದುಕೊಂಡಿತು. ಅತ್ತೆ ಎದ್ದು ನಿಂತರು. ಅದು ಮತ್ತೊಮ್ಮೆ ರೆಕ್ಕೆ ಬಿಚ್ಚಿತು. ಈ ಸಲ ಮೇಲೆದ್ದು, ನಮ್ಮ ತಲೆಯ ಮೇಲೆ ಒಂದಿಷ್ಟೂ ಸದ್ದಿಲ್ಲದೆ ಹಾದು, ತೆಂಗಿನ ಮರಗಳ ಕಡೆ ಹೋಯಿತು.

"ಗೆದ್ರಲ್ಲ ಅತ್ತೆ!" ಅಂದೆ. ಅತ್ತೆ ಕೂಗಾಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ ಅಂದುಕೊಂಡಿದ್ದೆ. ಅವರು ಕೋಲು ಕೆಳಗಿಟ್ಟು ಮೆಲ್ಲಗೆ ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಎಷ್ಟೊಂದು ಮಕ್ಳಿಗೆ ಬಡಿಸ್ದೆ ಕಣೇ. ಏಳನೇ ಕ್ಲಾಸು ಮುಗೀತು ಅಂದ್ರೆ ಟೀಸಿ ಈಸ್ಕೊಂಡು ಹೊಂಟೋಗ್ತಾವೆ. ಯಾವ್ದು ಎಲ್ಲಿಗೆ ಹೋಯ್ತು, ಏನಾಯ್ತು, ನಾನಿಕ್ಕಿದ ಅನ್ನ ಮೈಗೆ ಹತ್ತಿತೋ ಇಲ್ವೋ, ಒಂದೂ ಗೊತ್ತಾಗ್ಲಿಲ್ಲ ನಂಗೆ. ಸಂತೇಲಿ ಎದುರು ಬಂದ್ರೂ ಗುರ್ತು ಸಿಗಲ್ಲ, ಮೀಸೆ ಬಂದಿರ್ತದೆ. ಇದೊಂದು ನನ್ನ ಕಣ್ಮುಂದೆ ಹಾರ್ತು."

ನಾನೂ ಹತ್ತು ವರ್ಷದಿಂದ ಟೀಚರು. ಎಷ್ಟೋ ಟೀಸಿಗಳನ್ನು ಬರೆದಿದ್ದೇನೆ. ಹೋದ ಮಗು ಏನಾಯಿತು ಅಂತ ಒಂದು ಸಂಜೆಯೂ ಕೂತು ಯೋಚಿಸಿದವಳಲ್ಲ.

"ಮಂಜುಳ ಅಂತ ಒಂದಿತ್ತು," ಅಂದರು ಅತ್ತೆ, ತೆಂಗಿನ ಮರಗಳ ಕಡೆ ನೋಡುತ್ತಾ. "ಕೈಲಿ ಕಜ್ಜಿ. ನಾನೇ ತುತ್ತು ಮಾಡಿ ಹಾಕ್ತಿದ್ದೆ. ಎಲ್ಲಿದಾಳೋ. ರಮೇಶ ಅಂತ, ಬರೀ ಮಜ್ಜಿಗೆ ಕೇಳೋನು. ಅವನ ತಮ್ಮ ನಾಗರಾಜ..."

ರೈಲಿನ ಹೊತ್ತಾಗಿತ್ತು. ನಾನು ಏಳಲಿಲ್ಲ. ಪೂರ್ತಿ ಕತ್ತಲಾಗುವವರೆಗೂ ಅತ್ತೆ ಒಂದೊಂದೇ ಹೆಸರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ.